ತೇರಿನ ಬೀದಿ, ಗಾಳಿಯಂತ್ರದ ದಾರಿ

ಬೀದರ್ ಜಿಲ್ಲೆಯ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ರಥೋತ್ಸವಕ್ಕೆ ಹೆಸರಾದುದು. ತೇರೆಳೆಯುವ ಊರುಗಳಲ್ಲಿ ಮೊದಲು ಬೀದಿಯನ್ನು ನೋಡುತ್ತಾರೆ. ತಗ್ಗು ತುಂಬಿಸಿ, ಅಡ್ಡಬಂದ ತಂತಿ ಸರಿಸಿ, ಗಾಲಿಗೆ ಸನ್ನೆ ಹಾಕುವವರನ್ನು ನಿಲ್ಲಿಸಿದ ಬಳಿಕವೇ ಹಗ್ಗಕ್ಕೆ ಕೈಹಾಕುತ್ತಾರೆ. ಪುಣೆ–ಮಚಲೀಪಟ್ಟಣದ 65ನೆಯ ರಾಷ್ಟ್ರೀಯ ಹೆದ್ದಾರಿ ಬಸವಕಲ್ಯಾಣ ತಾಲ್ಲೂಕನ್ನು ಹಾಯ್ದು ಹುಮನಾಬಾದಿಗೆ ಬರುತ್ತದೆ. ಇಂತಹ ಹಾದಿಯಲ್ಲಿ ಗಾಳಿಯಂತ್ರದ ಬಿಡಿಭಾಗಗಳನ್ನು ಸಾಗಿಸುವ ಯೋಜನೆಯೂ ಅದೇ ವಿವೇಕವನ್ನು ಬೇಡುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನದ ಅಗಲವನ್ನು ಸಾಮಾನ್ಯವಾಗಿ 2.6 ಮೀಟರಿಗೆ ಮಿತಿಗೊಳಿಸಿವೆ. ದೊಡ್ಡ ಯಂತ್ರದ ಗೋಪುರದ ಬುಡದ ಭಾಗವೇ 4 ಮೀಟರಿನಷ್ಟು ಅಗಲವಿರುವುದರಿಂದ ವಿಶೇಷ ಅನುಮತಿ ಅನಿವಾರ್ಯ. 60 ಮೀಟರ್ ಮೀರಿದ ರೆಕ್ಕೆಯನ್ನು ಸಾಮಾನ್ಯವಾಗಿ ಅಖಂಡವಾಗಿಯೇ ಒಯ್ಯಬೇಕು. ನೇರ ಹೆದ್ದಾರಿಯಲ್ಲಿ ತೊಡಕು ಕಡಿಮೆ. ತಿರುವಿನಲ್ಲಿ ಮಾತ್ರ ಅದರ ತುದಿ ರಸ್ತೆಯಾಚೆಗೂ ಬೀಸಿಹೋಗುತ್ತದೆ. ಹೀಗಾಗಿ ಮಾರ್ಗವನ್ನು ನಿರ್ಧರಿಸುವುದು ದೂರವಲ್ಲ, ಅತ್ಯಂತ ಇಕ್ಕಟ್ಟಾದ ಒಂದು ತಿರುವು.

ಮಾರ್ಗಸಮೀಕ್ಷೆ ಸೇತುವೆಯ ಬಲವನ್ನೂ ತಂತಿಯ ಎತ್ತರವನ್ನೂ ಅಳೆಯುತ್ತದೆ. ಸಂತೆಯ ದಿನ, ಜಾತ್ರೆಯ ತಿಥಿ, ಕಟ್ಟೆಯ ಮರ ಇವೂ ಅದರಲ್ಲಿ ದಾಖಲಾಗಬೇಕು. ಸರಿಸಿದ ತಂತಿಯನ್ನು ಮತ್ತೆ ಬಿಗಿಯಬಹುದು. ತಿರುವಿಗಾಗಿ ಕಡಿದ ಮರ ಮರಳಿ ನಿಲ್ಲದು. ತೇರಿನ ಬೀದಿಯನ್ನು ಬಲ್ಲ ಊರವರನ್ನು ಕೇಳಿಯೇ ಈ ದಾರಿಯನ್ನೂ ಗುರುತಿಸುವುದು ಯುಕ್ತ.