ಹೀಚು ಕಿತ್ತವರಿಗೆ ದೊಡ್ಡ ಹಣ್ಣು

ಹಿತ್ತಲ ಸೀಬೆ ಗಿಡ ಮೈತುಂಬ ಕಾಯಿ ಕಚ್ಚಿದರೆ ಮನೆಮಂದಿಗೆಲ್ಲ ಹಿಗ್ಗು. ನಾಲ್ಕೈದು ತಿಂಗಳು ಕಾದ ಮೇಲೆ ಕೈಗೆ ಸಿಗುವುದು ಮಾತ್ರ ನಿಂಬೆಗಾತ್ರದ, ಬೀಜವೇ ತುಂಬಿದ ಹಣ್ಣು. ಗೊಬ್ಬರ ಸಾಲಲಿಲ್ಲವೆಂದು ಮುಂದಿನ ವರ್ಷ ಇನ್ನೆರಡು ಬುಟ್ಟಿ ಸುರಿಯುತ್ತಾರೆ. ಎಲೆ ಕಪ್ಪಾಗಿ ಸೊಂಪಾಗುತ್ತದೆ, ಹಣ್ಣು ಇದ್ದಷ್ಟೇ ಇರುತ್ತದೆ. ಎಷ್ಟೋ ಹಿತ್ತಲುಗಳಲ್ಲಿ ಹಣ್ಣು ಸಣ್ಣದಾಗಲು ಕಾರಣ, ಗಿಡ ಸಾಕಲಾರದಷ್ಟು ಕಾಯಿ ಹೊತ್ತಿರುವುದು.

ಹಣ್ಣಿನ ಗಾತ್ರ ನಿರ್ಧಾರವಾಗುವುದು ಎರಡು ಹಂತಗಳಲ್ಲಿ. ಹೂವು ಉದುರಿ ಕಾಯಿ ಕಚ್ಚಿದ ಮೊದಲ ಕೆಲವು ವಾರ ಹೀಚಿನೊಳಗೆ ಜೀವಕೋಶಗಳು ಒಡೆದು ದ್ವಿಗುಣಗೊಳ್ಳುತ್ತ ಹೋಗುತ್ತವೆ. ಆಮೇಲೆ ಅವೇ ಕೋಶಗಳು ನೀರು, ಸಕ್ಕರೆ ತುಂಬಿಕೊಂಡು ಉಬ್ಬುತ್ತವೆ. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಒಂದು ಹಣ್ಣು ಚೆನ್ನಾಗಿ ಬಲಿಯಲು 30ರಿಂದ 40 ಎಲೆ ಬೇಕೆಂಬುದು ಸೇಬು ಬೆಳೆಗಾರರ ಅಂದಾಜು. ಅಷ್ಟೇ ಎಲೆಗಳಿಗೆ ನಾಲ್ಕು ಹಣ್ಣು ಜೋತುಬಿದ್ದರೆ ಪ್ರತಿಯೊಂದಕ್ಕೂ ಸಿಗುವುದು ಕಾಲುಪಾಲು.

ಮರಕ್ಕೆ ಈ ಲೆಕ್ಕ ಗೊತ್ತು. ಮಾವಿನ ಮರದಲ್ಲಿ ಬಿಟ್ಟ ಹೂವಿನಲ್ಲಿ ನೂರಕ್ಕೆ ಒಂದೂ ಹಣ್ಣಾಗುವುದಿಲ್ಲ. ಉಳಿದದ್ದೆಲ್ಲ ಹೂವಾಗಿ, ಮಿಡಿಯಾಗಿ ಉದುರುತ್ತದೆ. ಎಲ್ಲ ಗಿಡಗಳೂ ಇಷ್ಟು ಧಾರಾಳವಾಗಿ ಉದುರಿಸುವುದಿಲ್ಲ. ಅಲ್ಲಿ ಮನುಷ್ಯರ ಕೈ ಬೇಕು. ಜಪಾನಿನ ಅಒಮೊರಿ ಪ್ರಾಂತ್ಯದ ಸೇಬು ತೋಟಗಳಲ್ಲಿ ಗೊಂಚಲಿಗೊಂದೇ ಕಾಯಿ ಉಳಿಸಿ ಮಿಕ್ಕದ್ದನ್ನು ಕೈಯಿಂದ ಕಿತ್ತೆಸೆಯುತ್ತಾರೆ. ಅದೇ ಪ್ರಾಂತ್ಯದ ಹಿರೊಸಾಕಿಯಲ್ಲಿ 2005ರಲ್ಲಿ ಕೊಯ್ದ ಒಂದು ಸೇಬು 1.849 ಕಿಲೊ ತೂಗಿ ಗಿನ್ನೆಸ್ ದಾಖಲೆ ಸೇರಿತು.

ಸೀಬೆಯಲ್ಲಿ ಕಾಯಿ ನೆಲ್ಲಿಕಾಯಿ ಗಾತ್ರಕ್ಕೆ ಬರುವುದರೊಳಗೆ ಈ ಕೆಲಸ ಮುಗಿಸಬೇಕು. ಒತ್ತಾಗಿರುವ ಕಡೆ ದುಂಡಗಿನ, ಕಲೆಯಿಲ್ಲದ ಒಂದನ್ನು ಬಿಟ್ಟು ಮಿಕ್ಕದ್ದನ್ನು ತೆಗೆಯುವುದು ಕ್ರಮ. ತಡವಾಗಿ ಕಿತ್ತರೆ ಕೋಶ ಹೆಚ್ಚುವ ಕಾಲ ಕಳೆದಿರುತ್ತದೆ, ಲಾಭ ಕಡಿಮೆ. ಪರಂಗಿಯಲ್ಲಿ ಒಂದೊಂದು ಎಲೆಕಂಕುಳಲ್ಲೂ ಎರಡು ಮೂರು ಕಾಯಿ ಒತ್ತಿಕೊಂಡು ಚಪ್ಪಟೆಯಾಗುತ್ತವೆ. ಅಲ್ಲೂ ಒಂದನ್ನೇ ಬಿಡಬೇಕು. ಬಾಳೆಗೊನೆಯ ಚಿಪ್ಪುಗಳೆಲ್ಲ ಹೊರಬಿದ್ದ ಮೇಲೆ ತುದಿಯ ಮೂತಿಯನ್ನು ಕತ್ತರಿಸಿ ಪಲ್ಯ ಮಾಡಿಕೊಂಡರೆ ಗೊನೆಗೂ ಒಳ್ಳೆಯದು, ಅಡುಗೆಮನೆಗೂ ಒಳ್ಳೆಯದು. ಬುಡದಲ್ಲಿ ಒಂದು ಮರಿ ಸಾಕು.

ಕಾಯಿ ಕೀಳುವಷ್ಟೇ ಮುಖ್ಯ ಕೊಂಬೆ ಸವರುವುದು. ಸೀಬೆಯಲ್ಲಿ ಹೂವು ಬರುವುದು ಹೊಸ ಚಿಗುರಿನಲ್ಲಿ. ಕೊಯ್ಲು ಮುಗಿದೊಡನೆ ಕೊಂಬೆಗಳ ತುದಿ ಕತ್ತರಿಸಿ, ನಡುವೆ ಹೆಣೆದುಕೊಂಡ ರೆಂಬೆಗಳನ್ನು ತೆಗೆದರೆ ಬಿಸಿಲು ಒಳಗಿಳಿಯುತ್ತದೆ. ನೆರಳಲ್ಲಿರುವ ಎಲೆ ತನ್ನ ಹೊಟ್ಟೆಗಾಗುವಷ್ಟೇ ದುಡಿಯುತ್ತದೆ, ಕಾಯಿಗೆ ಉಳಿಸುವುದಿಲ್ಲ.

ಸೀತಾಫಲದ ಕತೆ ಬೇರೆ. ಅದರ ಒಂದೊಂದು ಕಣ್ಣೂ ಹೂವಿನ ಒಂದೊಂದು ಅಂಡಾಶಯದಿಂದ ಬೆಳೆದದ್ದು. ಪರಾಗ ಮುಟ್ಟದ ಭಾಗ ಉಬ್ಬುವುದಿಲ್ಲ, ಹಣ್ಣು ಸೊಟ್ಟಗಾಗುತ್ತದೆ. ಇದರ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಪರಾಗ ಸಾಗಿಸುವವು ಪುಟ್ಟ ದುಂಬಿಗಳು. ಊರೊಳಗಿನ ಹಿತ್ತಲಿಗೆ ಅವು ಬಾರದಿದ್ದರೆ, ಪೂರ್ತಿ ಬಿರಿದ ಹೂವಿನ ಪರಾಗವನ್ನು ಸಣ್ಣ ಕುಂಚದಲ್ಲಿ ತೆಗೆದು ಬೆಳಗಿನ ತಂಪಿನಲ್ಲಿ ಅರೆಬಿರಿದ ಹೂವಿನೊಳಗೆ ಸವರಬಹುದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸಹನ್’ ತಳಿಯಲ್ಲೂ ಒಳ್ಳೆಯ ಗಾತ್ರಕ್ಕೆ ಇದೇ ಉಪಾಯ. ಪರಾಗ ಸೇರಿದ ಕಡೆ ಬೀಜ ಕಟ್ಟುತ್ತದೆ, ಕಾಯನ್ನು ಹಿಗ್ಗಿಸುವ ಹಾರ್ಮೋನು ಹುಟ್ಟುವುದು ಬಹುಮಟ್ಟಿಗೆ ಆ ಬೀಜದಲ್ಲಿ. ವಿಜಯಪುರದ ಬೆಳೆಗಾರರು ಬೀಜವಿಲ್ಲದ ದ್ರಾಕ್ಷಿಗೊಂಚಲಿಗೆ ಜಿಬ್ಬರೆಲಿಕ್ ಆಮ್ಲ ಕೊಡುವುದು ಆ ಕೊರತೆ ತುಂಬಲಿಕ್ಕೇ.

ಕಾಯಿ ಉಬ್ಬುವ ಕಾಲದಲ್ಲಿ ನೀರು ತಪ್ಪಬಾರದು. ಬಹಳ ದಿನ ಒಣಗಿಸಿ ಒಮ್ಮೆಲೇ ನೆನೆಸಿದರೆ ದಾಳಿಂಬೆಯಂಥ ಹಣ್ಣು ಸಿಪ್ಪೆ ಬಿರಿಯುತ್ತದೆ. ನೀರು ಬೀಳಬೇಕಾದ ಜಾಗ ಬೊಡ್ಡೆಯಲ್ಲ, ಎಲೆಹರವಿನ ಅಂಚು. ಹೀರುವ ಎಳೆಬೇರುಗಳು ಹೆಚ್ಚಾಗಿರುವುದು ಅಲ್ಲೇ. ಯೂರಿಯಾ ಹೆಚ್ಚಾದರೆ ಎಲೆ ಬೆಳೆಯುತ್ತದೆ, ಹಣ್ಣು ತುಂಬಲು ಪೊಟ್ಯಾಷ್ ಬೇಕು. ಸೌದೆ ಒಲೆಯ ಬೂದಿಯಲ್ಲಿ ಅದು ಇದೆ, ಆದರೆ ಬೂದಿ ಮಣ್ಣನ್ನು ಕ್ಷಾರವಾಗಿಸುವುದರಿಂದ ಹಿಡಿಯಷ್ಟು ಸಾಕು. ಉಳಿಸಿದ ಕಾಯಿಗೆ ಬಟ್ಟೆಚೀಲ ಕಟ್ಟಿದರೆ ಗಾತ್ರ ಹೆಚ್ಚದಿದ್ದರೂ ಹಣ್ಣುನೊಣದ ಕಾಟ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ತಳಿಯ ಮಿತಿ ಮೀರುವುದಿಲ್ಲ. ಹಕ್ಕಿ ಹಾಕಿದ ಬೀಜದಿಂದ ಎದ್ದ ಸೀಬೆ, 1927ರಲ್ಲಿ ಪುಣೆಯಲ್ಲಿ ಆಯ್ದ ‘ಲಕ್ನೋ-49’ರಷ್ಟು ದಪ್ಪ ಹಣ್ಣು ಕೊಡುತ್ತದೆಂದು ನೆಚ್ಚುವಂತಿಲ್ಲ. ಎತ್ತರದ ಮಾವು, ಹಲಸಿನ ಮರಕ್ಕೆ ಏಣಿ ಹಾಕಿ ಹೀಚು ಕೀಳುವ ಸಾಹಸವೂ ಬೇಡ.

ಕೀಳಲು ಕೈ ಬಾರದವರು ಈ ಸಲ ಒಂದೇ ಕೊಂಬೆಯಲ್ಲಿ ಮಾಡಿ ನೋಡಲಿ. ಪಕ್ಕದ ಕೊಂಬೆಯನ್ನು ಹಾಗೇ ಬಿಟ್ಟು, ಕೊಯ್ಲಿನ ದಿನ ಎರಡರಿಂದಲೂ ಐದೈದು ಹಣ್ಣು ತಕ್ಕಡಿಗೆ ಹಾಕಿದರೆ ಮುಂದಿನ ವರ್ಷ ಉಳಿದ ಕೊಂಬೆಗಳಿಗೂ ಕೈ ತಾನೇ ಹೋಗುತ್ತದೆ.