ಇಯೊಲಾನಿ ಅರಮನೆಯ ಬಂದಿನಿ

1895ನೆಯ ಇಸವಿಯಲ್ಲಿ, ಹೊನೊಲುಲು ನಗರದ ಇಯೊಲಾನಿ ಅರಮನೆಯ ಮೇಲಂತಸ್ತಿನ ಕೋಣೆಯೊಂದರಲ್ಲಿ, ಐವತ್ತಾರು ವರ್ಷದ ಸ್ತ್ರೀಯೊಬ್ಬಳು ಕಾಗದದ ಮೇಲೆ ತಾನೇ ಗೆರೆಗಳನ್ನೆಳೆದು, ವಾದ್ಯದ ನೆರವಿಲ್ಲದೆ ಕೊರಳಿನಲ್ಲಿಯೇ ಶ್ರುತಿ ಹಿಡಿದು, ತಾನು ಹಿಂದೆ ಕಟ್ಟಿದ ‘ಅಲೋಹಾ ಓಎ’ ಎಂಬ ಹಾಡಿನ ಸ್ವರಗಳನ್ನು ಬರೆದಿಡುತ್ತಿದ್ದಳು. ಅದೇ ಅರಮನೆಯಲ್ಲಿ ಎರಡು ವರ್ಷಗಳ ಹಿಂದಿನವರೆಗೂ ಹವಾಯಿಯ ರಾಣಿಯಾಗಿ ಸಿಂಹಾಸನವನ್ನಲಂಕರಿಸಿದ್ದ ಲಿಲಿಯುಓಕಲಾನಿ ಆಕೆ.

ಅಣ್ಣ ಕಲಾಕೌವಾ 1891ರಲ್ಲಿ ತೀರಿಕೊಂಡಾಗ ಆಕೆಯ ಪಾಲಿಗೆ ಬಂದದ್ದು ಬರಿದಾದ ಅಧಿಕಾರ. ಏಕೆಂದರೆ 1887ರಲ್ಲಿಯೇ ಸಶಸ್ತ್ರ ಗುಂಪೊಂದು ಅರಸನಿಂದ ಬಲಾತ್ಕಾರವಾಗಿ ರುಜು ಹಾಕಿಸಿಕೊಂಡ ಸಂವಿಧಾನವು ಅರಸೊತ್ತಿಗೆಯ ಬಲವನ್ನು ಕಿತ್ತುಕೊಂಡಿತ್ತು. ಆಸ್ತಿಯ ನಿಬಂಧನೆಯೊಡ್ಡಿ ಅನೇಕ ದೇಶೀಯರ ಮತವನ್ನೂ ಕಸಿದಿತ್ತು. ಪ್ರಜೆಗಳ ಮನವಿಗೆ ಓಗೊಟ್ಟು ರಾಣಿಯು 1893ರ ಜನವರಿಯಲ್ಲಿ ಹೊಸ ಸಂವಿಧಾನವನ್ನು ತರಲುದ್ಯುಕ್ತಳಾದುದೇ ಸಕ್ಕರೆಯ ವ್ಯಾಪಾರದಲ್ಲಿ ಬೆಳೆದ ಬಿಳಿಯರ ಬಣಕ್ಕೆ ನೆಪವಾಯಿತು. ಅಮೆರಿಕದ ರಾಯಭಾರಿ ಸ್ಟೀವನ್ಸನ ಸಮ್ಮತಿಯಿಂದ ‘ಬೋಸ್ಟನ್’ ಎಂಬ ಯುದ್ಧನೌಕೆಯ ನೂರರವತ್ತಕ್ಕೂ ಮಿಕ್ಕ ಸೈನಿಕರು ದಡಕ್ಕಿಳಿದರು. ಮರುದಿನ, ಜನವರಿ 17ರಂದು, ರಕ್ತಪಾತವಾಗಬಾರದೆಂದು ರಾಣಿ ಮಣಿದಳು. ಆದರೆ ಮಣಿದುದು ಬಂಡಾಯಗಾರರಿಗಲ್ಲ, ಅಮೆರಿಕದ ಬಲಕ್ಕೆಂದೂ, ಆ ಸರ್ಕಾರವೇ ಅನ್ಯಾಯವನ್ನು ಸರಿಪಡಿಸಲೆಂದೂ ಬರೆದುಕೊಟ್ಟಳು. ಇದನ್ನು ದೌರ್ಬಲ್ಯವೆನ್ನಲು ನನ್ನ ಮನಸ್ಸೊಪ್ಪದು. ಅಧ್ಯಕ್ಷ ಕ್ಲೀವ್‌ಲೆಂಡನು ವಿಚಾರಣೆ ನಡೆಸಿ ಅನ್ಯಾಯವನ್ನು ಒಪ್ಪಿಕೊಂಡನು. ಆದರೆ ಬಂಡಾಯಗಾರರು ಡೋಲನ ಮುಂದಾಳ್ತನದಲ್ಲಿ ಕಟ್ಟಿದ ಸರ್ಕಾರ ಕದಲಲಿಲ್ಲ.

ರಾಜಪಕ್ಷದವರ ದಂಗೆಯು 1895ರಲ್ಲಿ ಮುರಿದುಬಿದ್ದ ಮೇಲೆ, ಅದರ ಸುಳಿವಿದ್ದೂ ತಿಳಿಸಲಿಲ್ಲವೆಂಬ ಆಪಾದನೆಯ ಮೇಲೆ, ತನ್ನದೇ ಸಿಂಹಾಸನಶಾಲೆಯಲ್ಲಿ ಆಕೆ ಆರೋಪಿಯಾಗಿ ನಿಂತಳು. ಐದು ವರ್ಷಗಳ ಕಠಿಣ ಶಿಕ್ಷೆ, ಐದು ಸಾವಿರ ಡಾಲರುಗಳ ದಂಡ ಎಂದು ತೀರ್ಪಾಯಿತು. ಕಠಿಣ ದುಡಿಮೆ ತಪ್ಪಿತಾದರೂ ಸುಮಾರು ಎಂಟು ತಿಂಗಳು ಆ ಕೋಣೆಯೇ ಸೆರೆಮನೆಯಾಯಿತು. ವೃತ್ತಪತ್ರಿಕೆಗಳಿಗೆ ನಿಷೇಧವಿತ್ತು, ಹೊರಗಿನಿಂದ ಹೂಗಳನ್ನು ಸುತ್ತಿ ತಂದ ಪತ್ರಿಕೆಯ ಹಾಳೆಯನ್ನು ಬಿಡಿಸಿ ಆಕೆ ಲೋಕದ ಸುದ್ದಿ ಓದುತ್ತಿದ್ದಳು. ಜೊತೆಗಿದ್ದ ಗೆಳತಿಯೊಡನೆ ರೇಷ್ಮೆಯ ತುಂಡುಗಳನ್ನು ಕೂಡಿಸಿ ಕೌದಿಯೊಂದನ್ನು ಹೊಲಿಯತೊಡಗಿದಳು. ಅದರ ನಡುವೆ ಹವಾಯಿಯ ಧ್ವಜಗಳನ್ನೂ ಸೆರೆಯ ದಿನಾಂಕಗಳನ್ನೂ ಕಸೂತಿಯಲ್ಲಿ ಮೂಡಿಸಲಾಗಿದೆ. ಆ ಕೌದಿ ಇಂದಿಗೂ ಅದೇ ಅರಮನೆಯಲ್ಲಿದೆ.

ಅಮೆರಿಕಕ್ಕೆ ಸೇರಲೊಲ್ಲೆವೆಂದು 1897ರಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಸೇರ್ಪಡೆಯ ಒಪ್ಪಂದವು ಅಮೆರಿಕದ ಸೆನೆಟ್ಟಿನಲ್ಲಿ ನಿಂತುಹೋಯಿತು. ಆದರೆ ಮರುವರ್ಷ ಸ್ಪೇನಿನೊಡನೆ ಯುದ್ಧ ಹೊತ್ತಿದ ಸಮಯದಲ್ಲಿ ಬರಿಯ ನಿರ್ಣಯವೊಂದರಿಂದಲೇ ಅಮೆರಿಕವು ದ್ವೀಪಗಳನ್ನು ಸೇರಿಸಿಕೊಂಡಿತು. 1898ರ ಆಗಸ್ಟ್ 12ರಂದು ಇಯೊಲಾನಿಯ ಮೇಲಿಂದ ಹವಾಯಿಯ ಧ್ವಜ ಕೆಳಗಿಳಿಯಿತು. ಕೂಗಳತೆಯಲ್ಲಿಯೇ ಮನೆಯಿದ್ದರೂ ರಾಣಿ ಅದನ್ನು ನೋಡಲು ಹೋಗಲಿಲ್ಲ.