ಟಿಕೆಟ್ ಇಲ್ಲದ ಬಸ್ಸು, ಬಾವುಟ ಹಿಡಿದ ಡ್ರೈವರ್!

ಶ್ರೀರಾಮನಗರ: ಬೆಳಗಿನ ಬಸ್ಸು ತಪ್ಪಿದರೆ ಗಂಗಾವತಿಯಲ್ಲಿ ಅಂಗಡಿ ಬಾಗಿಲು ತೆಗೆಯುವುದು ತಡ, ಬೋಣಿ ಪಕ್ಕದ ಅಂಗಡಿಯವನಿಗೆ. ಕಾರಟಗಿ, ಸಿದ್ದಾಪುರ, ಶ್ರೀರಾಮನಗರದ ಕಡೆಯಿಂದ ದಿನಾ ಓಡಾಡುವ ಮಂದಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಚಕ್ರವಿಲ್ಲದ, ಸೀಟಿಲ್ಲದ, ಕಂಡಕ್ಟರ್ ಸೀಟಿ ಊದದ ಇನ್ನೊಂದು ಬಸ್ಸು ಉಂಟು. ಅದು ಮನುಷ್ಯರ ಕಾಲ ಮೇಲೆ ಓಡುತ್ತದೆ, ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಮುಟ್ಟುತ್ತದೆ. ನಮ್ಮ ಸ್ಟ್ಯಾಂಡಿನಲ್ಲಿ ನಿಂತವರು ಇದನ್ನು ಕೇಳಿ ನಕ್ಕರೆ ತಪ್ಪು ಅವರದಲ್ಲ.

ಮುಂಬಯಿಯ ಓಟಗಾರರು ಇದಕ್ಕೆ ಬಸ್ಸು ಎಂದೇ ಹೆಸರಿಟ್ಟಿದ್ದಾರೆ. ಮುಂದೆ ಓಡುವವನು ‘ಡ್ರೈವರ್’. ಮಾಮೂಲಿ ಮಾತಿನಲ್ಲಿ ಪೇಸರ್. ಕೈಯಲ್ಲಿ ಒಂದು ಕೋಲು, ಕೋಲಿಗೊಂದು ಬಾವುಟ, ಬಾವುಟದ ಮೇಲೆ ಹೊತ್ತು ಬರೆದಿರುತ್ತದೆ: 2:00, 2:15, 2:30. ಹಾಫ್ ಮ್ಯಾರಥಾನ್ ಓಟವನ್ನು ಎರಡೂಕಾಲು ತಾಸಿನಲ್ಲಿ ಮುಗಿಸಬೇಕೆನ್ನುವವನು 2:15ರ ಬಾವುಟದ ಹಿಂದೆ ಓಡಿದರಾಯಿತು. ಗಡಿಯಾರ ನೋಡುವ, ಲೆಕ್ಕ ಹಾಕುವ ತಲೆಬಿಸಿ ಡ್ರೈವರನದು. ಪ್ರಯಾಣಿಕನ ಕೆಲಸ ಬಾವುಟ ಕಣ್ಣಿಂದ ತಪ್ಪದಂತೆ ನೋಡಿಕೊಳ್ಳುವುದು ಅಷ್ಟೇ.

ಈ ಹೆಸರು ದಕ್ಷಿಣ ಆಫ್ರಿಕಾದಲ್ಲೂ ಬಲು ಜೋರು. ಅಲ್ಲಿ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 1921ರಿಂದ ಕಾಮ್ರೇಡ್ಸ್ ಎಂಬ ಓಟ ನಡೆಯುತ್ತದೆ. ದೂರ ಸುಮಾರು 90 ಕಿಲೋಮೀಟರು, ಗಡುವು 12 ತಾಸು. ಹನ್ನೆರಡನೇ ತಾಸು ಮುಗಿದ ಕೂಡಲೆ ಒಬ್ಬ ಅಧಿಕಾರಿ ಬರುವವರಿಗೆ ಬೆನ್ನು ಹಾಕಿ ನಿಂತು ಬಂದೂಕು ಹಾರಿಸುತ್ತಾನೆ. ಒಂದು ಹೆಜ್ಜೆ ಹಿಂದೆ ಉಳಿದವನಿಗೂ ಪದಕವಿಲ್ಲ. ಮುಖ ನೋಡಿದರೆ ಕರುಣೆ ಬಂದೀತು ಎಂದೇ ಬೆನ್ನು ಹಾಕುವುದೋ ಏನೋ! ಅಂಥ ಕಡೆ ಕೊನೆಯ ಬಸ್ಸಿನ ಡ್ರೈವರನಿಗೆ ಇರುವ ಮರ್ಯಾದೆ ಗೆದ್ದವನಿಗೂ ಇರಲಿಕ್ಕಿಲ್ಲ.

ಶ್ರೀರಾಮನಗರಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಇದು ಭತ್ತದ ಊರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟೆಯಾಗಿ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿ ಬೆಳೆಸಿದ ನೆಲ. ಗಿರಣಿ, ಲಾರಿ, ಹಮಾಲಿ, ದಲಾಲಿ, ಇದರ ನಡುವೆ ಓಟವೆಂದರೆ ಬಸ್ಸಿನ ಹಿಂದೆ ಓಡುವುದು ಒಂದೇ ಎಂದು ಹಿರಿಯರ ಲೆಕ್ಕ. ಆದರೆ ಹೊತ್ತಿನೊಳಗೆ ಓಡುವುದು ಈ ಸೀಮೆಯ ಹುಡುಗರಿಗೆ ಚೈನಿಯ ಮಾತಲ್ಲ, ಅನ್ನದ ಮಾತು. ಪೊಲೀಸ್ ಪೇದೆಯಾಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಸೇನೆಯ ಭರ್ತಿ ರ‍್ಯಾಲಿಯಲ್ಲಿ ಬಹಳ ವರ್ಷ ನಡೆದುಬಂದ ಲೆಕ್ಕ ಇನ್ನೂ ಬಿಗಿ: 1.6 ಕಿಲೋಮೀಟರು ಐದೂವರೆ ನಿಮಿಷದೊಳಗಾದರೆ 60 ಅಂಕ, ಐದೂಮುಕ್ಕಾಲಾದರೆ 48. ಹದಿನೈದು ಸೆಕೆಂಡಿಗೆ ಹನ್ನೆರಡು ಅಂಕ ಹೋಯಿತು!

ಇಂಥ ಕಡೆ ಹುಡುಗರು ಕೆಡುವುದು ಹೆಚ್ಚಾಗಿ ಕಾಲಿನಲ್ಲಿ ಬಲವಿಲ್ಲದೆ ಅಲ್ಲ. ಸೀಟಿ ಊದಿದ ಕೂಡಲೆ ಕಟ್ಟು ಬಿಚ್ಚಿದ ಹೋರಿಯಂತೆ ನುಗ್ಗುತ್ತಾರೆ, ಮೂರನೇ ಸುತ್ತಿಗೆ ಉಬ್ಬಸ ಬರುತ್ತದೆ. ಆರೂವರೆ ನಿಮಿಷವೆಂದರೆ 400 ಮೀಟರಿನ ಸುತ್ತಿಗೆ 97 ಸೆಕೆಂಡು ಚಿಲ್ಲರೆ. ಪಕ್ಕದಲ್ಲಿ ಒಬ್ಬ ಅಣ್ಣ ಆ ಹದದಲ್ಲೇ ಓಡಿ ‘ಲೇ ತಮ್ಮಾ, ಅವಸರ ಮಾಡಬ್ಯಾಡ, ನನ್ನ ಹಿಂದ ಬಾ’ ಅಂದರೆ ಅರ್ಧ ಕೆಲಸ ಆದಂತೆ. ಭರ್ತಿಯ ದಿನ ಅಣ್ಣನನ್ನು ಒಳಗೆ ಬಿಡುವುದಿಲ್ಲ, ನಿಜ. ತಾಲೀಮಿನಲ್ಲಿ ಹದ ಕಾಲಿಗೆ ಹತ್ತಿದರೆ ಅಂದು ಅದೇ ಜೊತೆಗೆ ಬರುತ್ತದೆ.

ಬ್ಯಾನಿಸ್ಟರನ ಇಬ್ಬರು ಗೆಳೆಯರು

ಜೊತೆಗಾರನ ಬಲದಿಂದ ಹೊತ್ತನ್ನು ಗೆದ್ದ ದೊಡ್ಡ ಕಥೆ 1954ರ ಮೇ 6ರದು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರೋಜರ್ ಬ್ಯಾನಿಸ್ಟರ್ ಎಂಬ ವೈದ್ಯ ವಿದ್ಯಾರ್ಥಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ. ನಾಲ್ಕು ನಿಮಿಷದೊಳಗೆ ಮೈಲಿ ಮುಗಿಸಿದ ಮೊದಲ ಮನುಷ್ಯ. ಹೆಸರು ಅವನದು. ಆದರೆ ಮೊದಲು ಮುಂದೆ ಓಡಿ ಹದ ಹಾಕಿದವನು ಕ್ರಿಸ್ ಬ್ರಾಷರ್, ಅವನು ಸೋತಾಗ ಮುಂದೆ ಬಂದವನು ಕ್ರಿಸ್ ಚಾಟವೇ. ಮೊದಲ ಸುತ್ತಿನಲ್ಲೇ ಬ್ಯಾನಿಸ್ಟರನಿಗೆ ತಾಳ್ಮೆ ತಪ್ಪಿ ಇನ್ನೂ ಜೋರು ಹೋಗು ಎಂದು ಹಿಂದಿನಿಂದ ಕೂಗಿದ. ಬ್ರಾಷರ್ ಕಿವಿಗೆ ಹಾಕಿಕೊಳ್ಳಲಿಲ್ಲ, ಲೆಕ್ಕದಂತೆಯೇ ಓಡಿದ. ಕೂಗು ಕೇಳಿ ಅವನೂ ನುಗ್ಗಿದ್ದರೆ ಆ ದಿನದ ಕಥೆ ಬೇರೆಯೇ ಆಗುತ್ತಿತ್ತು. ಅದೇ ಬ್ರಾಷರ್ 1981ರಲ್ಲಿ ಜಾನ್ ಡಿಸ್ಲೆ ಜೊತೆ ಸೇರಿ ಲಂಡನ್ ಮ್ಯಾರಥಾನ್ ಶುರು ಮಾಡಿದ.

ಈಚಿನದು ಕೀನ್ಯಾದ ಎಲಿಯುಡ್ ಕಿಪ್‌ಚೊಗೆಯ ಓಟ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 42 ಕಿಲೋಮೀಟರು ಚಿಲ್ಲರೆಯನ್ನು 1 ತಾಸು 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ. ಸರದಿಯ ಮೇಲೆ 41 ಮಂದಿ ಪೇಸರ್‌ಗಳು, ಮುಂದೆ ಕಾರು, ಕಾರಿನಿಂದ ರಸ್ತೆಗೆ ಬಿದ್ದ ಬೆಳಕಿನ ಗೆರೆ. ಮದುವೆ ಮೆರವಣಿಗೆಗೂ ಇಷ್ಟು ವೈಭವ ಇರುವುದಿಲ್ಲ. ಆದರೆ ಪೇಸರ್‌ಗಳು ನಡುನಡುವೆ ಒಳಬಂದು ಹೊರಹೋದದ್ದರಿಂದ ಅದನ್ನು ವಿಶ್ವದಾಖಲೆ ಎಂದು ಒಪ್ಪಲಿಲ್ಲ. ಹೆಂಗಸರ ರಸ್ತೆ ಓಟದಲ್ಲೂ ಇಂಥದೇ ತಕರಾರು. ಗಂಡಸು ಪೇಸರ್‌ಗಳ ಜೊತೆ ಓಡಿದ ಹೊತ್ತು ಬೇರೆ ಪಟ್ಟಿ, ಬರೀ ಹೆಂಗಸರೇ ಓಡಿದ ಹೊತ್ತು ಬೇರೆ ಪಟ್ಟಿ.

ದೊಡ್ಡ ಓಟಗಳ ಪೇಸರನಿಗೆ ಇಂಗ್ಲಿಷಿನಲ್ಲಿ ‘ರ‍್ಯಾಬಿಟ್’ ಅನ್ನುತ್ತಾರೆ, ಮೊಲ. ನಾಯಿ ಪಂದ್ಯದಲ್ಲಿ ಮುಂದೆ ಓಡಿಸುವ ಸುಳ್ಳು ಮೊಲದಿಂದ ಬಂದ ಹೆಸರು. ಸಂಬಳ ಕೊಟ್ಟು ತಂದ ಮೊಲ ಅರ್ಧ ದಾರಿಗೆ ನಿಲ್ಲಬೇಕು ಎಂಬುದು ವಾಡಿಕೆ. 1994ರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲಿ ಪಾಲ್ ಪಿಲ್ಕಿಂಗ್ಟನ್ ಎಂಬ ಮೊಲ ನಿಲ್ಲಲೇ ಇಲ್ಲ! ಹಿಂದಿನವರು ಇವನು ಹೇಗೂ ಬದಿಗೆ ಸರಿಯುತ್ತಾನೆಂದು ಬಿಟ್ಟುಬಿಟ್ಟರು. ಅವನು ಓಡುತ್ತಲೇ ಹೋಗಿ ಗೆದ್ದ, ಬಹುಮಾನದ ಜೊತೆಗೆ ಮರ್ಸಿಡಿಸ್ ಕಾರೂ ಬಂತು. ಎರಡನೆಯವನಾಗಿ ಬಂದ ಇಟಲಿಯ ಲೂಕಾ ಬಾರ್ಜಾಗಿ ತಾನೇ ಗೆದ್ದೆನೆಂದು ತಿಳಿದಿದ್ದನಂತೆ, ಪಾಪ.

ನಮ್ಮ ಮಾತಿಗೆ ಬೇಕಾದವನು ಇಂಥ ಮೊಲ ಅಲ್ಲ. ಊರ ಓಟದ ಪೇಸರನಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ಕೊನೆತನಕ ಬಿಟ್ಟುಹೋಗುವಂತೆಯೂ ಇಲ್ಲ. ಅವನ ಸ್ವಂತ ತಾಕತ್ತು ಬಾವುಟದ ಮೇಲಿನ ಹೊತ್ತಿಗಿಂತ ಹದಿನೈದು ಇಪ್ಪತ್ತು ನಿಮಿಷ ಮುಂದಿರಬೇಕು. ಆಗಲೇ ಓಡುತ್ತ ಓಡುತ್ತ ಮಾತಾಡಿ, ಹಿಂದಿನವರನ್ನು ಹುರಿದುಂಬಿಸಿ ಕರೆದೊಯ್ಯಲು ಆಗುವುದು. ತಾನೇ ಏದುಸಿರು ಬಿಡುವ ಡ್ರೈವರನ ಬಸ್ಸು ಹತ್ತುವುದಕ್ಕಿಂತ ನಡೆದು ಹೋಗುವುದು ವಾಸಿ.

ಯಜಮಾನರ ಎರಡೂಕಾಲು ತಾಸು

ಶ್ರೀರಾಮನಗರದಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತೆರಡು. ಸಕ್ಕರೆ ಕಾಯಿಲೆ ಎದುರಿಗೆ ನಿಂತಿದೆ, ಡಾಕ್ಟರು ‘ದಿನಾ ನಡೀರಿ’ ಎಂದಿದ್ದಾರೆ. ನಡಿಗೆ ಓಟವಾಯಿತು. ಈಗ ಬೆಂಗಳೂರಿಗೆ ಹೋಗಿ ಹಾಫ್ ಮ್ಯಾರಥಾನ್ ಓಡುವ ಹುಕಿ. ದೂರ 21 ಕಿಲೋಮೀಟರು 97 ಮೀಟರು, ಮೇಲೆ ಅರ್ಧ ಮೀಟರು. ಮೈದಾನದ ಲೆಕ್ಕದಲ್ಲಿ 52 ಸುತ್ತು ಮುಗಿಸಿ ಇನ್ನೂ ಮುಕ್ಕಾಲು ಸುತ್ತು. ಮನೆಯವರು ‘ಈ ವಯಸ್ಸಿನ್ಯಾಗ ಇದ್ಯಾಕ್ರೀ’ ಅಂದಾಯಿತು. ಗಿರಾಕಿಗಳಿಗೂ ಸುದ್ದಿ ಮುಟ್ಟಿದೆ. ಸೋತು ಬಂದರೆ ಗಲ್ಲೆಯ ಮೇಲೆ ಕೂತು ಎಷ್ಟು ಮಂದಿಗೆ ಉತ್ತರ ಹೇಳುವುದು?

ಮೊದಲ ಪ್ರಶ್ನೆ ಯಾವ ಬಸ್ಸು ಎಂಬುದು. ಆಸೆ ಕೇಳಿದರೆ ಎಲ್ಲರಿಗೂ 2:00ರ ಬಸ್ಸೇ ಬೇಕು. ಪೀಟರ್ ರೀಗಲ್ ಎಂಬ ಅಮೆರಿಕದ ಇಂಜಿನಿಯರು 1977ರಲ್ಲಿ ಒಂದು ಸೂತ್ರ ಕೊಟ್ಟ. ಅದರ ಪ್ರಕಾರ ಹತ್ತು ಕಿಲೋಮೀಟರು ಮೈಮುರಿದು ಓಡಿದ ಹೊತ್ತನ್ನು 2.2ರಿಂದ ಗುಣಿಸಿದರೆ ಹಾಫ್ ಮ್ಯಾರಥಾನ್‌ನ ಅಂದಾಜು ಸಿಗುತ್ತದೆ. ಯಜಮಾನರು ಹತ್ತಕ್ಕೆ ಒಂದು ತಾಸು ತಗೊಂಡರೆ ಇಪ್ಪತ್ತೊಂದಕ್ಕೆ 2 ತಾಸು 12 ನಿಮಿಷ. ಅಂದರೆ 2:15ರ ಬಸ್ಸು ಸರಿ. ಇದೂ ಉದ್ದ ಓಟದ ತಾಲೀಮು ಇದ್ದವರಿಗೆ ಮಾತ್ರ. ಹತ್ತರ ಮೇಲೆ ಕಾಲಿಟ್ಟೇ ಇಲ್ಲದವರು 2:30ರ ಬಾವುಟದ ಕೆಳಗೆ ನಿಂತರೆ ಅವಮಾನವೇನೂ ಇಲ್ಲ.

2:15ಕ್ಕೆ ಮುಟ್ಟಬೇಕಾದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು. ಐದಕ್ಕೆ 32 ನಿಮಿಷ, ಹತ್ತಕ್ಕೆ 1 ತಾಸು 4 ನಿಮಿಷ, ಹದಿನೈದಕ್ಕೆ 1:36, ಇಪ್ಪತ್ತಕ್ಕೆ 2:08. ಇಷ್ಟನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೂ ಸಾಕು.

ಈಗ ಯಜಮಾನರು ಉಮೇದಿನಲ್ಲಿ ಮೊದಲ ಐದು ಕಿಲೋಮೀಟರು 5:45ರಂತೆ ಓಡಿದರು ಅನ್ನಿ. ಗಳಿಕೆ ಮೂರೂಕಾಲು ನಿಮಿಷ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಜೋರಾಗಿ ಓಡಿದಷ್ಟೂ ಬೇಗ ಖರ್ಚು. ಹದಿನಾರನೇ ಕಿಲೋಮೀಟರಿಗೆ ಗೋದಾಮು ಖಾಲಿ, ಉಳಿದ ಐದು ನಡಿಗೆ. ನಡಿಗೆಗೆ ಕಿಲೋಮೀಟರಿಗೆ ಹತ್ತು ನಿಮಿಷ ಹಿಡಿದರೂ ನಷ್ಟ ಹದಿನೆಂಟು ನಿಮಿಷ. ಮೂರು ಗಳಿಸಿ ಹದಿನೆಂಟು ಕಳೆಯುವ ವ್ಯಾಪಾರವನ್ನು ಅಂಗಡಿಯಲ್ಲಿ ಯಾರೂ ಮಾಡುವುದಿಲ್ಲ. ರಸ್ತೆಯ ಮೇಲೆ ದಿನಾ ಮಾಡುತ್ತಾರೆ. ಬಾವುಟದ ಕೆಲಸವೇ ಇದು: ಹಿಂದೆ ಬಿದ್ದವನನ್ನು ಎಳೆಯುವುದಕ್ಕಿಂತ ಮೊದಲು, ಮುಂದೆ ನುಗ್ಗುವವನ ಅಂಗಿ ಹಿಡಿಯುವುದು.

ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬುದೂ ಒಂದು ಲಾಭವೇ, ಆದರೆ ಅದು ಕಿಪ್‌ಚೊಗೆಯ ವೇಗದವರಿಗೆ. ಯಜಮಾನರ ವೇಗಕ್ಕೆ ಗಾಳಿ ಅಷ್ಟೇನೂ ತೊಂದರೆ ಕೊಡದು. ಇವರಿಗೆ ಸಿಗುವುದು ಜೊತೆ.

ಪ್ರತಿ ಬಸ್ಸಿನ ನಡೆ ಒಂದೇ ಅಲ್ಲ ಎಂಬುದನ್ನು ಮೊದಲೇ ತಿಳಿಯಬೇಕು. ಕೆಲವು ಡ್ರೈವರುಗಳು ಒಂದೇ ಸಮ ಓಡುತ್ತಾರೆ, ಕೆಲವರು ಸ್ವಲ್ಪ ಓಡಿ ಸ್ವಲ್ಪ ನಡೆಯುತ್ತಾರೆ. ‘ಹೆಂಗ ಹೋಗ್ತೀರಿ ಸರ, ನೀರಿನ ಹತ್ತಿರ ನಿಲ್ತೀರೇನು?’ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಇನ್ನು ಹೊತ್ತಿನ ಲೆಕ್ಕ. ಎದೆಗೆ ಕಟ್ಟಿದ ಚೀಟಿಯಲ್ಲಿ ಚಿಪ್ಪಿರುತ್ತದೆ, ಗೆರೆ ದಾಟಿದಾಗಿನಿಂದ ಅವರವರ ಹೊತ್ತು ಅವರವರಿಗೆ. ಬಾವುಟ ಗೆರೆ ದಾಟಿದ ಒಂದು ನಿಮಿಷದ ಮೇಲೆ ಯಜಮಾನರು ದಾಟಿ, ಕೊನೆಗೆ ಬಾವುಟದ ಜೊತೆಗೇ ಮುಟ್ಟಿದರೆ ಅವರ ಲೆಕ್ಕ 2:14. ಒಂದು ನಿಮಿಷ ಮೊದಲೇ ದಾಟಿ ಜೊತೆಗೆ ಮುಟ್ಟಿದರೆ 2:16! ಬಸ್ಸು ಸರಿಯಾಗೇ ಬಂದಿದೆ, ಸೀಟು ತಪ್ಪಿದೆ. ಆದ್ದರಿಂದ ಬಾವುಟದ ಪಕ್ಕದಲ್ಲಿ, ಇಲ್ಲವೇ ನಾಲ್ಕು ಹೆಜ್ಜೆ ಹಿಂದೆ ನಿಲ್ಲುವುದು ಜಾಣತನ.

ಡ್ರೈವರ್‌ ಎಂದ ಮಾತ್ರಕ್ಕೆ ದೇವರಲ್ಲ. ಮೊದಲೇ ಹೊತ್ತು ಉಳಿಸಿಕೊಳ್ಳೋಣ ಎಂದು ಶುರುವಿಗೇ ಓಡಿಸುವ ಪೇಸರ್‌ಗಳೂ ಉಂಟು. ಮೊದಲ ಎರಡು ಕಿಲೋಮೀಟರಿಗೆ ಗಡಿಯಾರ ನೋಡಿ ಹನ್ನೆರಡೂಮುಕ್ಕಾಲು ನಿಮಿಷದ ಆಸುಪಾಸು ಆಗಿದ್ದರೆ ಸರಿ. ಹನ್ನೆರಡರ ಒಳಗಿದ್ದರೆ ಬಸ್ಸನ್ನು ಹೋಗಗೊಡಬೇಕು, ತನ್ನ ಹದದಲ್ಲಿ ತಾನು ಓಡಬೇಕು. ನೀರಿನ ಮೇಜಿನ ಹತ್ತಿರ ಬಾವುಟ ಹತ್ತು ಮಾರು ಮುಂದೆ ಹೋದರೆ ಗಾಬರಿಯಿಂದ ಓಡಿ ಹಿಡಿಯುವುದು ಬೇಡ, ಒಂದು ಕಿಲೋಮೀಟರಿನಲ್ಲಿ ನಿಧಾನಕ್ಕೆ ಕೂಡಿಕೊಂಡರಾಯಿತು. ತಲೆ ತಿರುಗಿತು, ಬಿಸಿಲಲ್ಲೂ ಚಳಿ ಹತ್ತಿತು, ಮಾತು ತೊದಲಿತು ಅಂದರೆ ಆ ಕ್ಷಣ ಬಸ್ಸು ಇಳಿದು ಡಾಕ್ಟರ ಡೇರೆಗೆ ಹೋಗಬೇಕು. ಇಲ್ಲಿ ಹಟ ಮಾಡಿದವರು ಜೀವಕ್ಕೆ ಕುತ್ತು ತಂದುಕೊಂಡಾರು. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ಹೆಸರೇ ಕೊಡಬಾರದು.

ತಾಲೀಮಿಗೆ ಶ್ರೀರಾಮನಗರದಲ್ಲಿ ಜಾಗದ ಪ್ರಶ್ನೆ ಇದೆ. ಗಂಗಾವತಿ-ಸಿಂಧನೂರು ರಸ್ತೆಯಲ್ಲಿ ಭತ್ತದ ಲಾರಿಗಳ ಓಡಾಟ. ಸುಗ್ಗಿಯಲ್ಲಿ ರಸ್ತೆಯಂಚಿಗೇ ಭತ್ತ ಒಣಹಾಕಿರುತ್ತಾರೆ, ಕತ್ತಲಲ್ಲಿ ಕಾಲು ಜಾರಿದರೆ ಕಥೆ ಮುಗಿಯಿತು. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ಸೀಮೆಯಾದ್ದರಿಂದ ಓಟ ಮುಗಿಯಬೇಕಾದ್ದು ಸೂರ್ಯ ಮೇಲೇರುವ ಮೊದಲೇ. ಶಾಲೆಯ ಬಯಲು, ಕಾಲುವೆಯ ಬದಿಯ ದಾರಿ ಇದಕ್ಕೆ ವಾಸಿ. ಮೈಮೇಲೆ ಬಿಳಿ ಅಂಗಿ, ಎದುರಿನ ವಾಹನ ಕಾಣುವಂತೆ ಬಲಬದಿಯ ಓಟ. ನಾಲ್ಕು ಮಂದಿ ಕೂಡಿ ಒಬ್ಬೊಬ್ಬರು ಒಂದೊಂದು ಭಾನುವಾರ ಡ್ರೈವರಾದರೆ, ಗಡಿಯಾರ ನೋಡದೆಯೇ 6:24 ಎಂದರೆ ಎಷ್ಟು ಎಂಬುದು ಕಾಲಿಗೆ ತಿಳಿಯುತ್ತದೆ. ಇದಕ್ಕೆ ಬೇಕಾದ ಬಂಡವಾಳ ಒಂದು ಕೈಗಡಿಯಾರ.

ಓಟದ ದಿನ ಹತ್ತೊಂಬತ್ತನೇ ಕಿಲೋಮೀಟರಿನ ತನಕ ಬಾವುಟ ಬಿಡಬಾರದು. ಅಲ್ಲಿಂದ ಮುಂದೆ ಕಾಲಿನಲ್ಲಿ ಕಸುವು ಉಳಿದಿದ್ದರೆ ಒಳ್ಳೆ ಡ್ರೈವರ್ ತಾನೇ ‘ಹೋಗ್ರಿ ಹೋಗ್ರಿ, ನನ್ನ ಕಾಯಬ್ಯಾಡ್ರಿ’ ಎಂದು ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ಮುಂದಕ್ಕೆ ಅಟ್ಟುತ್ತಾನೆ. ಹಾಗಾಗಿ ಎಷ್ಟೋ ಸಲ ಕೊನೆಯ ಗೆರೆ ದಾಟುವ ಹೊತ್ತಿಗೆ ಬಸ್ಸಿನಲ್ಲಿ ಯಾರೂ ಇರುವುದಿಲ್ಲ. ಡ್ರೈವರ್ ಒಬ್ಬನೇ ಬಾವುಟ ಎತ್ತಿಕೊಂಡು ಬರುತ್ತಾನೆ, ಇನ್ನೂ ಅರ್ಧ ನಿಮಿಷ ಉಳಿದಿದ್ದರೆ ಅಲ್ಲೇ ಹಿಂದಕ್ಕೆ ತಿರುಗಿ, ಸೋತು ಬರುತ್ತಿರುವವರನ್ನು ಕೈ ಬೀಸಿ ಕರೆಯುತ್ತ ನಿಲ್ಲುತ್ತಾನೆ.